ಜನವರಿಯ ಗದ್ದೆ ಹಸಿರಾಗಿರಬೇಕೆ? ಹೊನ್ನಾವರದ ಯುದ್ಧದಾಟದ ಮೇಜಿಗೆ ಭತ್ತದ ಗದ್ದೆ ಮಾಡುವ ಕುರಿತು ಚರ್ಚೆ

ಶರಾವತಿತೀರ (ಹೊನ್ನಾವರ):
ಎಲ್ಲರಿಗೂ ನಮಸ್ಕಾರ. ಹೈದರಾಲಿ ತೀರಿಕೊಂಡ ಮರುತಿಂಗಳು, ಅಂದರೆ 1783ರ ಜನವರಿಯಲ್ಲಿ, ಜನರಲ್ ಮ್ಯಾಥ್ಯೂಸನ ನೇತೃತ್ವದ ಈಸ್ಟ್ ಇಂಡಿಯಾ ಕಂಪನಿಯ ಬೊಂಬಾಯಿ ಸೈನ್ಯವು ಹೊನ್ನಾವರದ ಕೋಟೆಯನ್ನು ಹಿಡಿದ ಸಂದರ್ಭವನ್ನು 15 ಮಿಲಿಮೀಟರ್ ಎತ್ತರದ ಸೈನಿಕ ಬೊಂಬೆಗಳಿಂದ ಮೇಜಿನ ಮೇಲೆ ಆಡಲು ನಾವು ಕೆಲವು ಗೆಳೆಯರು ಸಿದ್ಧತೆ ನಡೆಸಿದ್ದೇವೆ. ಮೇಜು ಆರು ಅಡಿ ಉದ್ದ, ನಾಲ್ಕು ಅಡಿ ಅಗಲವಿದೆ. ಕೋಟೆ, ನದಿಯ ದಂಡೆ ಮತ್ತು ತೆಂಗಿನ ಮರಗಳು ಸಿದ್ಧವಾಗಿವೆ. ಇನ್ನು ಗದ್ದೆಯಷ್ಟೇ ಬಾಕಿ. ವಿದೇಶದ ಆಟಗಾರರು ತೆಂಗಿನ ನಾರಿನ ಕಾಲೊರಸನ್ನು ಚೌಕವಾಗಿ ಕತ್ತರಿಸಿ ಗೋಧಿಯ ಹೊಲವೆಂದು ಇಡುತ್ತಾರೆ. ಅದು ನಮ್ಮ ಭತ್ತಕ್ಕೆ ಹೊಂದುತ್ತದೆಯೇ, ಅಥವಾ ಹಸಿರು ಕೃತಕ ಹುಲ್ಲಿನ ಹಾಸನ್ನು ತಂದು ಸಾಲುಸಾಲಾಗಿ ಅಂಟಿಸುವುದು ಮೇಲೇ ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಗಜನಿಕಟ್ಟೆ (ಕುಮಟಾ):
ಹಸಿರು ಹಾಸನ್ನು ಕೊಳ್ಳುವ ಮೊದಲು ದಯವಿಟ್ಟು ತಿಂಗಳನ್ನು ನೋಡಿ. ನಮ್ಮ ಕಡೆ ಮಳೆಗಾಲದ ಭತ್ತವನ್ನು ಜೂನ್, ಜುಲೈನಲ್ಲಿ ನೆಟ್ಟು ಅಕ್ಟೋಬರ್, ನವೆಂಬರ್ ಹೊತ್ತಿಗೆ ಕೊಯ್ದು ಮುಗಿಸುತ್ತಾರೆ. ಜನವರಿಯಲ್ಲಿ ಅದೇ ಗದ್ದೆಯಲ್ಲಿ ಉಳಿದಿರುವುದು ಕೂಳೆ, ಕೂಳೆಯ ನಡುವೆ ಮೇಯುವ ದನಗಳು, ಮತ್ತು ನೆಲದಲ್ಲಿ ತೇವ ಉಳಿದ ಕಡೆ ಉದ್ದು, ಹೆಸರಿನ ತಗ್ಗಾದ ಗಿಡಗಳು ಮಾತ್ರ. ಮಳೆ ನಿಂತು ದಸರೆ ಕಳೆದ ಮೇಲೆ ದಂಡು ಹೊರಡುವ ರೂಢಿಯಿದ್ದ ನಾಡಿದು. ಆದ್ದರಿಂದ ಹಳೆಯ ಕಾಲದ ಬಹಳಷ್ಟು ಕಾದಾಟಗಳು ಮಾಗಿದ ಬೆಳೆಯಲ್ಲೋ ಕೊಯ್ದ ಗದ್ದೆಯಲ್ಲೋ ನಡೆದಿರಬೇಕೇ ಹೊರತು ಎಳೆ ಹಸಿರಿನ ನಡುವೆ ಅಲ್ಲ. ಮೇಜಿನ ಮೇಲೆ ಕೋಟೆಯ ಬುರುಜು, ಸಿಪಾಯಿಗಳ ಅಂಗಿಯ ಗುಂಡಿ ಎಲ್ಲವನ್ನೂ ಇತಿಹಾಸಕ್ಕೆ ತಕ್ಕಂತೆ ಮಾಡಿ, ಕಾಲ ಕೆಳಗಿನ ಬೆಳೆಯನ್ನು ಮಾತ್ರ ಬೇರೆ ಋತುವಿನಿಂದ ತಂದು ಹಾಸಿದರೆ ಆ ಶ್ರಮಕ್ಕೆ ನ್ಯಾಯ ಸಿಗುವುದಿಲ್ಲ.

ಸಾಲುಸಾಲಾಗಿ ಅಂಟಿಸುವ ಯೋಚನೆಯನ್ನೂ ಬಿಡಬೇಕು. ಹಗ್ಗ ಹಿಡಿದು ಸಾಲು ನಾಟಿ ಮಾಡುವ ಪದ್ಧತಿ ನಮ್ಮ ದೇಶದಲ್ಲಿ ವ್ಯಾಪಕವಾಗಿ ಪ್ರಚಾರಕ್ಕೆ ಬಂದದ್ದು 1950ರ ದಶಕದಲ್ಲಿ, ಜಪಾನೀ ಪದ್ಧತಿಯ ಬೇಸಾಯದ ಹೆಸರಿನಲ್ಲಿ. ಅದಕ್ಕೆ ಮುಂಚೆ ಕೈಗೆ ಬಂದಂತೆ ನೆಡುತ್ತಿದ್ದರು. ಗಿಡದ ಎತ್ತರವೂ ಇಂದಿನದಲ್ಲ: ಐಆರ್-8 ತಳಿ 1966ರಲ್ಲಿ ಬಿಡುಗಡೆಯಾದ ಮೇಲೆ ಗಿಡ್ಡ ಭತ್ತ ಹರಡಿತು; ಹಳೆಯ ನಾಡತಳಿಗಳು ಸೊಂಟ ಮೀರಿ ಬೆಳೆಯುತ್ತಿದ್ದವು. ಇಂದಿನ ಗದ್ದೆಯ ಫೋಟೊ ನೋಡಿ 18ನೇ ಶತಮಾನದ ಗದ್ದೆ ಮಾಡಿದರೆ ಈ ಎರಡೂ ದೋಷಗಳು ಒಟ್ಟಿಗೇ ಬಂದುಬಿಡುತ್ತವೆ.

ಕಾಳಿಸಂಗಮ (ಕಾರವಾರ):
ಗಜನಿಕಟ್ಟೆಯವರ ಕೃಷಿಜ್ಞಾನದ ಬಗ್ಗೆ ನನಗೆ ಪೂರ್ಣ ಗೌರವವಿದೆ, ಆದರೆ ಅವರ ತೀರ್ಮಾನವನ್ನು ನಾನು ಒಪ್ಪಲಾರೆ. ಮೇಜಿನ ಮೇಲಿನ ಗದ್ದೆಯು ಮೊದಲು ಆಟದ ಅಂಗ, ಆಮೇಲೆ ಚಿತ್ರ. ಎತ್ತರದ ಬೆಳೆ ಇದ್ದರೆ ಅದರೊಳಗೆ ನಿಂತ ತುಕಡಿ ಕಣ್ಣಿಗೆ ಬೀಳದು, ನಡೆಯುವ ವೇಗ ತಗ್ಗುತ್ತದೆ, ಎದುರಾಳಿ ಯೋಚಿಸಬೇಕಾಗುತ್ತದೆ. ಇಡೀ ಮೇಜಿಗೆ ಕೂಳೆಯನ್ನೇ ಹಾಸಿದರೆ ಅದು ಬಯಲಿಗೆ ಸಮಾನವಾಗಿ, ಎರಡು ಸಾಲುಗಳು ಎದುರುಬದುರಾಗಿ ಗುಂಡು ಹಾರಿಸುವುದನ್ನು ಬಿಟ್ಟರೆ ಬೇರೇನೂ ಉಳಿಯುವುದಿಲ್ಲ.

ಇನ್ನೊಂದು ಮಾತು ಅಳತೆಯದು. 15 ಮಿಲಿಮೀಟರ್ ಬೊಂಬೆಯ ಅನುಪಾತ ಹೆಚ್ಚುಕಡಿಮೆ ನೂರಕ್ಕೆ ಒಂದು. 33 ಅಡಿ ಚೌಕದ ಒಂದು ಗುಂಟೆ ಈ ಲೆಕ್ಕದಲ್ಲಿ ಸುಮಾರು 10 ಸೆಂಟಿಮೀಟರ್ ಚೌಕವಾಗುತ್ತದೆ. ಆದರೆ ನಾವು ಕಾರವಾರದಲ್ಲಿ ಆಡುವ ನಿಯಮದಲ್ಲಿ ಮೇಜಿನ ಒಂದು ಅಂಗುಲ ನೆಲದ 20 ಗಜಕ್ಕೆ ಸಮ. ಅದರಂತೆ ಅದೇ 10 ಸೆಂಟಿಮೀಟರ್ ತುಂಡು ಸುಮಾರು 50 ಗುಂಟೆಯಾಗುತ್ತದೆ, ಅಂದರೆ ಒಂದೂಕಾಲು ಎಕರೆ. ಬೊಂಬೆಗೆ ಒಂದು ಅಳತೆ, ನೆಲಕ್ಕೆ ಇನ್ನೊಂದು ಅಳತೆ ಇರುವ ಈ ಆಟದಲ್ಲಿ ಗದ್ದೆಯು ಯಾವಾಗಲೂ ಒಂದು ಸಂಕೇತವೇ ಆಗಿರುತ್ತದೆ. ಸಂಕೇತಕ್ಕೆ ತಿಂಗಳ ಲೆಕ್ಕವನ್ನು ಇಷ್ಟು ಬಿಗಿಯಾಗಿ ಕಟ್ಟುವ ಅಗತ್ಯವೇನು?

ಗಜನಿಕಟ್ಟೆ (ಕುಮಟಾ):
ಕಾಳಿಸಂಗಮದವರೇ, ಸಂಕೇತವಾದರೂ ಅದು ಯಾವುದರ ಸಂಕೇತ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ತಿಂಗಳನ್ನು ಹಿಡಿದರೆ ಆಟ ಬಡವಾಗುತ್ತದೆ ಎಂಬುದು ನಿಮ್ಮ ಆಕ್ಷೇಪ; ನನ್ನ ಅನುಭವದಲ್ಲಿ ಆಟಕ್ಕೆ ಬೇಕಾದ ತೊಡಕುಗಳನ್ನು ತಿಂಗಳೇ ಒದಗಿಸುತ್ತದೆ. ಕರಾವಳಿಯ ಗದ್ದೆ ಬಯಲುಸೀಮೆಯ ಹೊಲದಂತೆ ಒಂದೇ ಮಟ್ಟದಲ್ಲಿ ಹರಡಿಕೊಂಡಿಲ್ಲ. ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ಪ್ರತಿ ಮೆಟ್ಟಿಲಿಗೂ ಒಂದು ಬದು ಇರುತ್ತದೆ. ಕೂಳೆಯ ಗದ್ದೆಯಲ್ಲಿ ಕಾಲಾಳುಗಳು ಸಲೀಸಾಗಿ ನಡೆಯಬಹುದು, ಆದರೆ ತೋಪಿನ ಗಾಡಿಯನ್ನು ಎತ್ತುಗಳಿಂದ ಎಳೆಸುವವರು ಪ್ರತಿ ಬದುವನ್ನೂ ಕಡಿದು ದಾರಿ ಮಾಡಬೇಕು, ಇಲ್ಲವೇ ಸುತ್ತಿ ಹೋಗಬೇಕು. ಸಾಲು ಕಟ್ಟಿ ಮುನ್ನುಗ್ಗುವ ಪಲ್ಟನಿನ ಸಾಲು ಬದುವಿನಲ್ಲಿ ಚದುರುತ್ತದೆ. ಬದುವಿನ ಹಿಂದೆ ಕುಳಿತ ಬಂದೂಕಿನವನಿಗೆ ಮರೆ ಸಿಗುತ್ತದೆ. ಇವೆಲ್ಲವೂ ನಿಯಮಕ್ಕೆ ಸುಲಭವಾಗಿ ಇಳಿಯುವ ಸಂಗತಿಗಳು.

ಅಳಿವೆಯ ಗಜನಿ ಭೂಮಿಯನ್ನಂತೂ ಮರೆಯಲೇಬಾರದು. ಅಘನಾಶಿನಿಯ ದಂಡೆಯಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಭತ್ತವನ್ನು ವರ್ಷಕ್ಕೆ ಒಂದೇ ಬೆಳೆಯಾಗಿ ಬೆಳೆಯುತ್ತಾರೆ. ತೆನೆ ಕೊಯ್ದ ಮೇಲೆ ಒಡ್ಡಿನ ತೂಬು ತೆಗೆದು ಭರತದ ನೀರನ್ನು ಒಳಕ್ಕೆ ಬಿಡುವುದರಿಂದ ಅಲ್ಲಿ ಸಿಗಡಿ, ಮೀನು ಬೆಳೆಯುತ್ತವೆ. ಅಂದರೆ ಜನವರಿಯ ಗಜನಿ ಗದ್ದೆಯಾಗಿರುವುದಿಲ್ಲ, ಮೊಣಕಾಲುದ್ದದ ಉಪ್ಪುನೀರಿನ ಹರವಾಗಿರುತ್ತದೆ. ಅಲ್ಲಲ್ಲಿ ಕೊಳೆಯುತ್ತಿರುವ ಭತ್ತದ ದಂಟು ತಲೆ ಎತ್ತಿರುತ್ತದೆ. ದಾಟಲು ಒಡ್ಡಿನ ಮೇಲಿನ ಕಾಲುದಾರಿ ಒಂದೇ. ನಿಮಗೆ ಇದಕ್ಕಿಂತ ದೊಡ್ಡ ಅಡೆತಡೆ ಬೇಕೆ? ಆದರೆ ಇಂದಿನ ಕಲ್ಲು ಕಟ್ಟಿದ ಒಡ್ಡನ್ನು ಆ ಕಾಲಕ್ಕೆ ಒಯ್ಯಬಾರದು, ಮಣ್ಣಿನ ಒಡ್ಡನ್ನೇ ಮಾಡಬೇಕು.

ಸೊಪ್ಪಿನಬೆಟ್ಟ (ಶಿರಸಿ):
ಘಟ್ಟದ ಮೇಲಿನವನಾಗಿ ಒಂದು ಸಣ್ಣ ತಿದ್ದುಪಡಿ ಸೂಚಿಸಬಯಸುತ್ತೇನೆ. ಜನವರಿ ಎಂದರೆ ಎಲ್ಲೆಲ್ಲೂ ಕೂಳೆಯೇ ಎನ್ನುವುದು ಸರಿಯಲ್ಲ. ಹಳ್ಳದ ನೀರು ಬೇಸಿಗೆಯವರೆಗೂ ಹರಿಯುವ ತಗ್ಗಿನ ಗದ್ದೆಗಳಲ್ಲಿ ಎರಡನೆಯ ಭತ್ತವನ್ನು ಹಾಕುವ ರೂಢಿ ಹಳೆಯದು, ಜನವರಿಯಲ್ಲಿ ಅದು ಗೇಣುದ್ದದ ಹಸಿರಾಗಿರುತ್ತದೆ. ಹತ್ತು ತುಂಡು ಕೂಳೆಯ ನಡುವೆ ಹಳ್ಳದ ಪಕ್ಕದಲ್ಲಿ ಒಂದೆರಡು ಹಸಿರು ತುಂಡುಗಳಿದ್ದರೆ ಅದು ಸುಳ್ಳಾಗುವುದಿಲ್ಲ, ಕಣ್ಣಿಗೂ ಹಿತವಾಗುತ್ತದೆ.

ಕಾಳಿಸಂಗಮದವರು ಕೇಳುವ ಮರೆಯನ್ನು ಒದಗಿಸಲು ಅಡಿಕೆ ತೋಟವಿದೆ. ಅದು ಯಾವ ತಿಂಗಳಲ್ಲಿಯೂ ಹಸಿರೇ. ಮರದಿಂದ ಮರಕ್ಕೆ ಒಂಬತ್ತು ಅಡಿ ಅಂತರವೆಂದು ಹಿಡಿದರೆ ಮೇಜಿನ ಮೇಲೆ 27 ಮಿಲಿಮೀಟರ್; 40 ಫುಟ್ಟಿನ ಮರ 12 ಸೆಂಟಿಮೀಟರ್ ಎತ್ತರವಾಗುತ್ತದೆ. 40 ಮಿಲಿಮೀಟರ್ ಅಗಲದ ಹಲಗೆಗೆ ಅಂಟಿಸಿದ ತುಕಡಿ ಆ ಅಂತರದಲ್ಲಿ ನುಗ್ಗಲಾರದು, ಆದ್ದರಿಂದ ಕಾಂಡಗಳನ್ನು ರಂಧ್ರಕ್ಕೆ ಸಿಕ್ಕಿಸಿ ತೆಗೆಯುವಂತೆ ಮಾಡಬೇಕು. ತೋಟದೊಳಗಿನ ಬಸಿಗಾಲುವೆಗಳನ್ನು ಬಿಡಬೇಡಿ. ಸಾಲು ಕಟ್ಟಿ ಬರುವ ಸೈನ್ಯವನ್ನು ಒಡೆಯುವುದು ಮರಗಳಿಗಿಂತ ಹೆಚ್ಚಾಗಿ ಆ ಕಾಲುವೆಗಳೇ.

ಕೊಯ್ಲಾದ ಗದ್ದೆಯ ಅಂಚಿಗೆ ಹುಲ್ಲಿನ ಗೊಣಬೆಯೊಂದನ್ನು ಇಟ್ಟರೆ ತಿಂಗಳು ತಾನಾಗಿಯೇ ತಿಳಿಯುತ್ತದೆ.

ಬೇಲೇಕೇರಿ (ಅಂಕೋಲಾ):
ತಿಂಗಳ ವಿಷಯದಲ್ಲಿ ನಾನು ಗಜನಿಕಟ್ಟೆಯವರ ಪಕ್ಷ. ಸಾಮಗ್ರಿಯ ಬಗ್ಗೆ ಯಾರೂ ಇನ್ನೂ ಮಾತನಾಡಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾರಿನ ಕಾಲೊರಸು ಗೋಧಿಗೆ ಹೊಂದುತ್ತದೆ, ಏಕೆಂದರೆ ಅದರ ಎಳೆಗಳು ನೆಟ್ಟಗೆ ನಿಲ್ಲುತ್ತವೆ. ಮಾಗಿದ ಭತ್ತದ ತೆನೆ ಬಾಗುತ್ತದೆ, ಗಾಳಿ ಮಳೆಗೆ ಗದ್ದೆಯ ಒಂದು ಮೂಲೆ ಮಲಗಿಯೇ ಇರುತ್ತದೆ. ಮಾಗಿದ ಭತ್ತ ಬೇಕಾದವರು ಆಟಿಕೆ ಕರಡಿಗೆ ಬಳಸುವ ಉದ್ದ ತುಪ್ಪಳದ ಬಟ್ಟೆಯನ್ನು ತಂದು, ನೀರು ಬೆರೆಸಿದ ಅಕ್ರಿಲಿಕ್ ಬಣ್ಣವನ್ನು ಹಳೆಯ ಬಾಚಣಿಗೆಯಿಂದ ಬಾಚಿ, ಒಣಗುವ ಮೊದಲು ತುದಿಗಳನ್ನು ಒಂದೇ ಕಡೆಗೆ ಬಾಗಿಸಬೇಕು. ಎತ್ತರ 10ರಿಂದ 12 ಮಿಲಿಮೀಟರ್ ಇರಲಿ, ನಾಡತಳಿಗೆ ಅದು ಸರಿಯಾದ ಅಳತೆ.

ನಿಮಗೆ ಬೇಕಾದದ್ದು ಕೂಳೆ. ಗೇಣಿಗಿಂತ ಗಿಡ್ಡ ಕೂಳೆ ಈ ಅನುಪಾತದಲ್ಲಿ ಎರಡು ಮಿಲಿಮೀಟರ್ ಮೀರುವುದಿಲ್ಲ. ಕಾಲೊರಸನ್ನು ಅಷ್ಟು ಗಿಡ್ಡಕ್ಕೆ ಕತ್ತರಿಸಿದರೆ ಬ್ರಶ್ಶಿನಂತೆ ಒತ್ತಾಗಿ ಕಾಣುತ್ತದೆ. ಇದಕ್ಕೆ ಅಗ್ಗದ ಟರ್ಕಿ ಟವೆಲ್ ಉತ್ತಮ: ಅದರ ಒಂದೊಂದು ನೂಲಿನ ಕುಣಿಕೆಯೂ ಒಂದು ಬುಡದ ಕೂಳೆಯಂತೆ ನಿಲ್ಲುತ್ತದೆ. ಟವೆಲನ್ನು ತುಂಡಿನ ಆಕಾರಕ್ಕೆ ಕತ್ತರಿಸಿ ಫೆವಿಕಾಲ್‌ನಿಂದ ಅಂಟಿಸಿ, ಮೂರು ಪಾಲು ನೀರು ಬೆರೆಸಿದ ಅಂಟನ್ನು ಮೇಲಿನಿಂದ ಕುಡಿಸಿ, ಪೂರ್ತಿ ಒಣಗಿದ ಮೇಲೆ ಬೂದುಗಂದು ಬಣ್ಣವನ್ನು ತಳದವರೆಗೆ ಇಳಿಯುವಂತೆ ಹಚ್ಚಬೇಕು. ಆನಂತರ ಬಹುಪಾಲು ಒಣಗಿದ ಕುಂಚದಲ್ಲಿ ಮಾಸಲು ಹಳದಿಯನ್ನು ತುದಿಗಳಿಗಷ್ಟೇ ಸವರಬೇಕು. ನೇಯ್ಗೆಯ ಸಾಲು ಎದ್ದು ಕಾಣದಂತೆ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ, ಅಲ್ಲಲ್ಲಿ ಕುಣಿಕೆಗಳನ್ನು ಬೆರಳಿನಿಂದ ಒತ್ತಿ ಮಲಗಿಸಿ. ದನ ತುಳಿದ ಜಾಗ ಹಾಗೆಯೇ ಇರುತ್ತದೆ.

ಬಣ್ಣದಲ್ಲಿ ಒಂದು ಎಚ್ಚರಿಕೆ ಅಗತ್ಯ. ಕರಾವಳಿ ಎಂದೊಡನೆ ಎಲ್ಲವನ್ನೂ ಜಂಬಿಟ್ಟಿಗೆಯ ಕೆಂಪಿಗೆ ಬಳಿಯುತ್ತಾರೆ. ಕೆಂಪು ಗುಡ್ಡದ್ದು. ನೀರು ನಿಲ್ಲುವ ತಗ್ಗಿನ ಗದ್ದೆಯ ಮಣ್ಣು ಬೂದುಗಂದು. ಬದುವಿಗೆ ಮಾತ್ರ ಸ್ವಲ್ಪ ಕೆಂಪು ಛಾಯೆ ಕೊಡಬಹುದು.

ನಮ್ಮ ಹವೆಯಲ್ಲಿ ತಳಹಲಗೆ ಬಹಳ ಮುಖ್ಯ. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಮಳೆಗಾಲದ ತೇವಕ್ಕೆ ಉಬ್ಬಿ ಅಂಚು ಬಿಡುತ್ತದೆ, ಆದ್ದರಿಂದ ನಾಮಫಲಕ ಮಾಡುವ ಅಂಗಡಿಗಳಲ್ಲಿ ಉಳಿಕೆಯಾಗಿ ಸಿಗುವ ಮೂರು ಮಿಲಿಮೀಟರ್ ದಪ್ಪದ ಸನ್‌ಬೋರ್ಡ್ ಎಂಬ ಹಗುರ ಪ್ಲಾಸ್ಟಿಕ್ ಹಲಗೆಯನ್ನು ಬಳಸಿ. ಕಡಲದಂಡೆಯ ಮರಳನ್ನು ನೇರವಾಗಿ ಅಂಟಿಸಬೇಡಿ. ಅದರಲ್ಲಿರುವ ಉಪ್ಪು ಗಾಳಿಯ ತೇವವನ್ನು ಎಳೆದು ಬಣ್ಣವನ್ನು ಎಬ್ಬಿಸುತ್ತದೆ. ಸಿಹಿನೀರಿನಲ್ಲಿ ಹಲವು ಸಲ ತೊಳೆದು, ಬಿಸಿಲಿನಲ್ಲಿ ಒಣಗಿಸಿದ ಮೇಲೆಯೇ ಬಳಸಬೇಕು. ಮರದ ಹುಡಿ, ಒಣಹುಲ್ಲಿನ ಚೂರು ಮುಂತಾದವನ್ನು ವಾರ್ನಿಷ್‌ನಿಂದ ಪೂರ್ತಿ ಮುಚ್ಚದೆ ಬಿಟ್ಟರೆ ಜುಲೈ ಹೊತ್ತಿಗೆ ಬೂಷ್ಟು ಹಿಡಿಯುತ್ತದೆ.

ಕಾಳಿಸಂಗಮ (ಕಾರವಾರ):
ಬದು ಮತ್ತು ಗಜನಿಯ ವಿಚಾರದಲ್ಲಿ ಗಜನಿಕಟ್ಟೆಯವರ ವಾದಕ್ಕೆ ತೂಕವಿದೆ. ಅವುಗಳಿಗೆ ನಿಯಮ ಬರೆಯಲು ನಾನೂ ಸಿದ್ಧ. ಆದರೂ ಒಂದು ತೊಂದರೆ ಉಳಿಯುತ್ತದೆ. ಜನವರಿಯ ಈ ಮೇಜನ್ನು ಇಷ್ಟು ಶ್ರಮಪಟ್ಟು ಮಾಡಿದ ಮೇಲೆ ಅದು ಒಂದೇ ಯುದ್ಧಕ್ಕೆ ಮೀಸಲಾಗುತ್ತದೆ. ಅದೇ ಕೋಟೆಯನ್ನು 1783ರ ಮೇ ತಿಂಗಳಿನಿಂದ ಟಿಪ್ಪುವಿನ ಸೈನ್ಯ ಮುತ್ತಿತು. ಕೋಟೆಯೊಳಗಿದ್ದ ಕಂಪನಿಯ ಪಡೆಯ ನಾಯಕ ಕ್ಯಾಪ್ಟನ್ ಟೊರಿಯಾನೊ ಮಳೆಗಾಲವನ್ನೆಲ್ಲ ಕಳೆದು, 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಗುವವರೆಗೂ ಕೋಟೆಯನ್ನು ಬಿಡಲಿಲ್ಲ. ಆ ಮುತ್ತಿಗೆಯನ್ನು ಆಡಬೇಕೆಂದರೆ ಎಲ್ಲ ಗದ್ದೆಗಳನ್ನೂ ಹೊಸದಾಗಿ ಮಾಡಬೇಕೇ? ಬಿಡುವು ಕಡಿಮೆ ಇರುವ ಆಟಗಾರನಿಗೆ ಎಲ್ಲ ಕಾಲಕ್ಕೂ ಹೊಂದುವ ಒಂದು ಸಾಧಾರಣ ಹಸಿರು ಗದ್ದೆಯೇ ಮೇಲೆಂದು ನಾನು ಈಗಲೂ ನಂಬುತ್ತೇನೆ.

ಗಜನಿಕಟ್ಟೆ (ಕುಮಟಾ):
ನೀವು ನೆನಪಿಸಿದ ಮುತ್ತಿಗೆ ನನ್ನ ಮಾತನ್ನೇ ಗಟ್ಟಿ ಮಾಡುತ್ತದೆ. ಒಂದೇ ಕೋಟೆ, ಒಂದೇ ನೆಲ, ಒಂದೇ ವರ್ಷ. ಆದರೆ ಜನವರಿಯಲ್ಲಿ ಗಟ್ಟಿ ನೆಲದ ಮೇಲೆ ನಡೆದುಹೋದ ಸೈನಿಕ ಜುಲೈನಲ್ಲಿ ಅದೇ ಗದ್ದೆಯ ಕೆಸರಿನಲ್ಲಿ ಮೊಣಕಾಲವರೆಗೆ ಹೂತುಕೊಳ್ಳುತ್ತಾನೆ. ಎರಡಕ್ಕೂ ಒಂದೇ ಹಸಿರು ತುಂಡನ್ನು ಇಟ್ಟರೆ ಆ ಎರಡು ಯುದ್ಧಗಳ ನಡುವಿನ ದೊಡ್ಡ ವ್ಯತ್ಯಾಸವೇ ಮೇಜಿನಿಂದ ಅಳಿಸಿಹೋಗುತ್ತದೆ. ಮಳೆಗಾಲದ ಗದ್ದೆಯಲ್ಲಿ ಕಾಲಾಳಿನ ನಡಿಗೆ ಅರ್ಧಕ್ಕೆ ಇಳಿಯಲಿ, ತೋಪು ದಾರಿಯ ಮೇಲಲ್ಲದೆ ಬೇರೆಲ್ಲೂ ಚಲಿಸದಿರಲಿ. ಹೆಚ್ಚಿನ ಶ್ರಮವಾಗುತ್ತದೆ ಎಂಬ ಮಾತನ್ನು ಒಪ್ಪುತ್ತೇನೆ, ಆದರೆ ಕೋಟೆಗೆ ಕೊಟ್ಟ ಶ್ರಮವನ್ನು ಗದ್ದೆಗೂ ಕೊಡಬಾರದೇಕೆ ಎಂದು ಕೇಳುತ್ತೇನೆ.

ಬೇಲೇಕೇರಿ (ಅಂಕೋಲಾ):
ಶ್ರಮವನ್ನು ಕಡಿಮೆ ಮಾಡುವ ದಾರಿಯೂ ಇದೆ. ಬದುಗಳ ಚೌಕಟ್ಟನ್ನು ಮಾತ್ರ ಸ್ಥಿರವಾಗಿ ಮಾಡಿ, ಒಳಗಿನ ಗದ್ದೆಯನ್ನು ಬದಲಿಸುವ ತುಂಡಾಗಿ ಇಡಬಹುದು. ಚೌಕಟ್ಟಿನ ಆಕಾರ ಅಂಕುಡೊಂಕಾಗಿರಲಿ, ತುಂಡುಗಳನ್ನು ಅದೇ ಕಾಗದದ ಮಾದರಿಯಿಂದ ಕತ್ತರಿಸಿಕೊಳ್ಳಿ, ಹಿಂಬದಿಯಲ್ಲಿ ಸಂಖ್ಯೆ ಬರೆದಿಡಿ. ಒಂದು ಜೊತೆ ಕೂಳೆಯದು, ಇನ್ನೊಂದು ಜೊತೆ ಮಳೆಗಾಲದ್ದು. ಮಳೆಗಾಲದ ತುಂಡಿಗೆ ಕಪ್ಪುಗಂದು ಬಣ್ಣ ಬಳಿದು, ಮೂರು ಮಿಲಿಮೀಟರ್ ಎತ್ತರದ ಎಳೆ ಹಸಿರು ಬುಡಗಳನ್ನು ಸಾಲು ಹಿಡಿಯದೆ ನೆಟ್ಟು, ಕೊನೆಯಲ್ಲಿ ಹೊಳಪಿನ ವಾರ್ನಿಷನ್ನು ಎರಡು ಮೂರು ತೆಳು ಪದರಗಳಾಗಿ ಹಚ್ಚಿದರೆ ನಿಂತ ನೀರು ಕಾಣುತ್ತದೆ. ಮಧ್ಯದಲ್ಲೊಂದು ತುಂಡನ್ನು ಒತ್ತಾದ ಹಸಿರಿನ ಅಗೆಯ ಮಡಿಯಾಗಿ, ಅಂದರೆ ನಾಟಿಯ ಸಸಿ ಬೆಳೆಸುವ ಜಾಗವಾಗಿ ಮಾಡಿ. ತುಕಡಿ ಗದ್ದೆಗೆ ಕಾಲಿಟ್ಟಾಗ ತುಂಡನ್ನು ತೆಗೆದು ಬರಿ ಚೌಕಟ್ಟಿನಲ್ಲಿ ಬೊಂಬೆಗಳನ್ನು ನಿಲ್ಲಿಸಬಹುದಾದ್ದರಿಂದ ಕಾಳಿಸಂಗಮದವರ ಆಟದ ಅನುಕೂಲವೂ ಕೆಡುವುದಿಲ್ಲ.

ಶರಾವತಿತೀರ (ಹೊನ್ನಾವರ):
ಎಲ್ಲರಿಗೂ ಕೃತಜ್ಞತೆಗಳು. ಹಸಿರು ಹಾಸನ್ನು ಕೊಳ್ಳುವ ಯೋಚನೆಯನ್ನು ಕೈಬಿಟ್ಟಿದ್ದೇನೆ. ಬದುವಿನ ಚೌಕಟ್ಟು, ಕೂಳೆಯ ತುಂಡುಗಳು, ಹಳ್ಳದ ಪಕ್ಕಕ್ಕೆ ಎರಡು ಹಸಿರು ತುಂಡು, ನದಿಯ ಕಡೆಗೆ ಒಂದು ಗಜನಿ ಎಂದು ನಿರ್ಧರಿಸಿದ್ದೇವೆ. ಮಳೆಗಾಲದ ಜೊತೆಯನ್ನು ಮುತ್ತಿಗೆಯ ಆಟಕ್ಕೆ ಮುಂದೆ ಮಾಡುತ್ತೇವೆ. ಒಂದು ಸಂದೇಹ ಉಳಿದಿದೆ: ಒಂದೂವರೆ ಅಡಿ ಅಗಲದ ಬದು ಅನುಪಾತದಂತೆ ನಾಲ್ಕೂವರೆ ಮಿಲಿಮೀಟರ್ ಆಗುತ್ತದೆ, ಅಷ್ಟು ಸಪೂರವಾದದ್ದು ಮೇಜಿನ ಮೇಲೆ ಬಾಳಿಕೆ ಬರುತ್ತದೆಯೇ?

ಬೇಲೇಕೇರಿ (ಅಂಕೋಲಾ):
ಬಾಳಿಕೆ ಬರುವುದಿಲ್ಲ, ಕೈ ತಗುಲಿ ಮುರಿಯುತ್ತದೆ. ತಳದಲ್ಲಿ ಎಂಟು, ನೆತ್ತಿಯಲ್ಲಿ ಐದು ಮಿಲಿಮೀಟರ್ ಇರುವಂತೆ ಇಳಿಜಾರಾಗಿ ಮಾಡಿ. ಮೇಲಿನಿಂದ ನೋಡುವವರಿಗೆ ನೆತ್ತಿಯ ಅಗಲವಷ್ಟೇ ಕಾಣುತ್ತದೆ. ಎತ್ತರ ನಾಲ್ಕು ಮಿಲಿಮೀಟರ್ ಸಾಕು. ಗಜನಿಯ ಒಡ್ಡನ್ನು ಮಾತ್ರ ತುಕಡಿಯ ಹಲಗೆ ನಿಲ್ಲುವಷ್ಟು ಅಗಲ ಮಾಡಿ, ಏಕೆಂದರೆ ನಿಮ್ಮ ಆಟದಲ್ಲಿ ಹೊಡೆದಾಟ ನಡೆಯುವುದು ಅದರ ಮೇಲೆಯೇ.