ಸಹಾಯ ಬೇಕು: ಎಪಿ ಮ್ಯಾನೇಜ್‌ಮೆಂಟ್ ವಿಲ್ಯಾನ್ ಬದಲಾಯಿಸಿದ್ರೆ ಆಫ್‌ಲೈನ್ ಆಗ್ತಿದೆ
ಎಲ್ರಿಗೂ ನಮಸ್ಕಾರ, ನಮ್ಮ ಹಾಸ್ಟೆಲ್‌ನಲ್ಲಿ ಕ್ಲೌಡ್‌ನಿಂದ ಮ್ಯಾನೇಜ್ ಮಾಡೋ 14 ವೈಫೈ ಎಪಿ (ಆಕ್ಸೆಸ್ ಪಾಯಿಂಟ್, ವೈಫೈ ಸಿಗ್ನಲ್ ಕೊಡೋ ಡಬ್ಬಿ) ಇವೆ, ಎಲ್ಲಾ ವಿಲ್ಯಾನ್ (ಒಂದೇ ನೆಟ್‌ವರ್ಕಲ್ಲಿ ಬೇರೆ ಮಾಡಿದ ಭಾಗ) 1ರಲ್ಲೇ, ಹುಡುಗ್ರ ಫೋನೂ ಅದ್ರಲ್ಲೇ, ಅದಕ್ಕೆ ಎಪಿ ಮ್ಯಾನೇಜ್‌ಮೆಂಟ್ (ಎಪಿ ಕ್ಲೌಡ್ ಜೊತೆ ಮಾತಾಡೋ ಟ್ರಾಫಿಕ್) ಮಾತ್ರ ವಿಲ್ಯಾನ್ 20ಕ್ಕೆ ಹಾಕೋಣ ಅಂತ ನಿನ್ನೆ ಒಂದು ಎಪಿಗೆ ಡ್ಯಾಶ್‌ಬೋರ್ಡ್‌ನಲ್ಲಿ 20 ಕೊಟ್ಟು ಸೇವ್ ಮಾಡಿದ್ದೇ ತಡ ಆಫ್‌ಲೈನ್ ಹೋಯ್ತು, ಏಣಿ ಹತ್ತಿ ಫ್ಯಾಕ್ಟರಿ ರೀಸೆಟ್ ಮಾಡ್ಬೇಕಾಯ್ತು. ಸ್ವಿಚ್ ಪೋರ್ಟ್ ಟ್ರಂಕ್ (ಒಂದೇ ಕೇಬಲ್‌ನಲ್ಲಿ ಹಲವು ವಿಲ್ಯಾನ್ ಹೋಗೋ ಥರ) ಇದೆ, 20 ಅಲೋ ಇದೆ, ಆ ಪೋರ್ಟಿಗೆ ಲ್ಯಾಪ್‌ಟಾಪ್ ಹಾಕಿದ್ರೆ ಡಿಎಚ್‌ಸಿಪಿಯಿಂದ ತಾನಾಗೇ ಐಪಿ ಅಡ್ರೆಸ್ಸೂ ಬರುತ್ತೆ.

ಆದ್ರೆ ಪೋರ್ಟಿನ ನೇಟಿವ್ ವಿಲ್ಯಾನನ್ನೂ (ಟ್ಯಾಗ್ ಇಲ್ಲದೆ ಹೋಗೋ ವಿಲ್ಯಾನ್) 20 ಮಾಡಿದ್ದೆ. ಎಪಿ ಟ್ಯಾಗ್ (ವಿಲ್ಯಾನ್ ನಂಬರಿನ ಗುರುತು) ಹಾಕಿ ಕಳ್ಸುತ್ತೆ, ಸ್ವಿಚ್ ಟ್ಯಾಗ್ ತೆಗೆದು ವಾಪಸ್ ಕೊಡುತ್ತೆ, ಅದೇ ತೊಂದ್ರೆ ಇರ್ಬಹುದಾ? ನೇಟಿವ್ 1 ಇಟ್ಟು 20 ಟ್ಯಾಗ್ ಮಾಡೋದಾ, ಇಲ್ಲ ನೇಟಿವ್ 20 ಇಟ್ಟು ಎಪಿಲಿ ಏನೂ ಕೊಡದೆ ಬಿಡೋದಾ? ಪರೀಕ್ಷೆ ಟೈಮು, ನೆಟ್ ಹೋದ್ರೆ ಮಕ್ಕಳಿಗೆ ಕಷ್ಟ, ಮಾಡಿ ಅನುಭವ ಇರೋರು ದಯವಿಟ್ಟು ಹೇಳಿ.