ಶೆಂಗೆನ್ ವೀಸಾ: ಅಮ್ಮನ ಜೊತೆ ಮೂರು ದೇಶ, ನಡುವೆ ಲಂಡನ್. ಯಾವ ದೇಶಕ್ಕೆ ಅರ್ಜಿ ಹಾಕಬೇಕು?

ಕಿಟಕಿಸೀಟು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು, ಅಮ್ಮ ಇಬ್ಬರೇ ಯುರೋಪ್ ನೋಡಲು ಹೊರಟಿದ್ದೇವೆ. ಅದಕ್ಕೆ ಶೆಂಗೆನ್ ವೀಸಾ ಬೇಕು, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಒಂದೇ ವೀಸಾ. ಇಬ್ಬರದ್ದೂ ಭಾರತದ ಪಾಸ್‌ಪೋರ್ಟ್. ಅಮ್ಮನಿಗೆ 67, ವಿಮಾನದಲ್ಲಿ ದೇಶ ದಾಟುತ್ತಿರುವುದು ಇದೇ ಮೊದಲು. ಟೂರ್ ಗುಂಪಿನ ಜೊತೆ ಹೋಗೋಣ ಅಂದರೆ ಅವರು ಸುತರಾಂ ಒಪ್ಪಲಿಲ್ಲ. ಬೆಳಗ್ಗೆ ಎದ್ದು ಬಸ್ಸಿಗೆ ಓಡುವುದು ನನ್ನಿಂದಾಗಲ್ಲ ಅಂತಾರೆ. ಹಾಗಾಗಿ ವೀಸಾ ಕೆಲಸವೆಲ್ಲ ನನ್ನ ತಲೆಗೇ ಬಿತ್ತು.

ಪ್ಲಾನ್ ಹೀಗಿದೆ. ಪ್ಯಾರಿಸ್ 3 ರಾತ್ರಿ. ಅಲ್ಲಿಂದ ರೈಲಿನಲ್ಲಿ ಲಂಡನ್, 2 ರಾತ್ರಿ. ವಾಪಸ್ ಬಂದು ಸ್ವಿಟ್ಜರ್ಲೆಂಡ್ 5 ರಾತ್ರಿ. ಕೊನೆಗೆ ಇಟಲಿ 4 ರಾತ್ರಿ, ರೋಮ್‌ನಿಂದ ಮನೆಗೆ.

ಮೊದಲು ಇಳಿಯುವುದು ಪ್ಯಾರಿಸ್‌ನಲ್ಲಿ, ಅಂದರೆ ಫ್ರಾನ್ಸ್‌ಗೆ ಅರ್ಜಿ ಹಾಕಬೇಕಾ? ಯಾವ ದೇಶದ ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತೋ ಅದಕ್ಕೇ ಹಾಕು, ಒಳಗೆ ಹೋದ ಮೇಲೆ ಎಲ್ಲ ಒಂದೇ ಅಂತ ಒಬ್ಬರು ಹೇಳಿದರು. ಇನ್ನು ಟಿಕೆಟ್ ಮೊದಲೋ ವೀಸಾ ಮೊದಲೋ ಗೊತ್ತಾಗುತ್ತಿಲ್ಲ.

ದುಡ್ಡಿನ ವಿಷಯ: ಖರ್ಚು ಪೂರ್ತಿ ನನ್ನದು. ಅಮ್ಮನಿಗೆ ಆದಾಯ ಅಂತ ಏನೂ ಇಲ್ಲ. ನನ್ನ ಒಂದು ಎಫ್‌ಡಿ ಮೊನ್ನೆ ಮೆಚ್ಯೂರ್ ಆಗಿ ದೊಡ್ಡ ಮೊತ್ತ ಒಟ್ಟಿಗೆ ಖಾತೆಗೆ ಬಂತು. ಅರ್ಜಿಗೆ ಮುಂಚೆ ಹೀಗೆ ದುಡ್ಡು ಬಿದ್ದರೆ ಅನುಮಾನ ಪಡುತ್ತಾರೆ ಅಂತ ಓದಿದೆ. ಅದನ್ನು ಬೇರೆ ಖಾತೆಗೆ ಹಾಕಿಬಿಡಲಾ? ಜೊತೆಗೆ ನಾನು ಕೆಲಸ ಬದಲಿಸಿದ್ದೇನೆ, ಇನ್ನೂ ಪ್ರೊಬೇಶನ್‌ನಲ್ಲಿದ್ದೇನೆ. ಬಲ್ಲವರು ದಯವಿಟ್ಟು ಹೇಳಿ.

ಹಳೇಫೈಲು ಉತ್ತರಿಸಿದ್ದು:

ನಾನು ಟ್ರಾವೆಲ್ ಆಫೀಸೊಂದರಲ್ಲಿ ವೀಸಾ ಫೈಲ್ ಜೋಡಿಸುವ ಮೇಜಿನಲ್ಲೇ ಕೂತು ನಿವೃತ್ತಳಾದವಳು. ಈಗಲೂ ಯಾರದ್ದಾದರೂ ಫೈಲ್ ಕಂಡರೆ ಕೈ ತುರಿಸುತ್ತದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ನೀವು ಹಾಕಬೇಕಿರುವುದು ಸ್ವಿಟ್ಜರ್ಲೆಂಡಿಗೆ. ಹೆಚ್ಚು ದಿನ ಎಲ್ಲಿರುತ್ತೀರೋ ಆ ದೇಶವೇ ಅರ್ಜಿ ನೋಡಬೇಕು. ದಿನಗಳು ಸಮ ಆದಾಗ ಮಾತ್ರ ಮೊದಲು ಕಾಲಿಡುವ ದೇಶ. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲ, ಆದರೆ ಶೆಂಗೆನ್‌ನಲ್ಲಿ ಇದೆ. ಐರ್ಲೆಂಡ್ ಇದಕ್ಕೆ ಉಲ್ಟಾ. ಈಗ ಶೆಂಗೆನ್‌ನಲ್ಲಿ 29 ದೇಶಗಳಿವೆ, ಒಂದೇ ವೀಸಾ ಎಲ್ಲಕ್ಕೂ ನಡೆಯುತ್ತದೆ. ಅದಕ್ಕೇ ಜನ ಬೇಗ ಅಪಾಯಿಂಟ್‌ಮೆಂಟ್ ಸಿಗುವ ದೇಶ ಹುಡುಕುವುದು. ಆ ದೇಶಕ್ಕೆ ಹೋಗುವುದೇ ಇಲ್ಲ, ಅಲ್ಲಿನ ಹೋಟೆಲ್ ಬುಕಿಂಗ್ ತೋರಿಸಿ ವೀಸಾ ಪಡೆದು ಆಮೇಲೆ ಕ್ಯಾನ್ಸಲ್ ಮಾಡುತ್ತಾರೆ. ವಿಮಾನ ನಿಲ್ದಾಣದಲ್ಲಿ "ಎಲ್ಲಿ ಉಳಿಯುತ್ತೀರಿ, ಬುಕಿಂಗ್ ತೋರಿಸಿ" ಅಂದರೆ ಏನು ಹೇಳುವುದು? ಸುಳ್ಳು ಹೇಳಿ ಪಡೆದದ್ದು ಅಂತ ಗೊತ್ತಾದರೆ ವೀಸಾ ರದ್ದು ಮಾಡುವ ಅಧಿಕಾರ ಅವರಿಗಿದೆ. 67ರ ಅಮ್ಮನನ್ನು ಆ ಕೌಂಟರ್ ಮುಂದೆ ನಿಲ್ಲಿಸಬೇಡಿ.

ಲಂಡನ್ ವಿಷಯ. ಬ್ರಿಟನ್ ಶೆಂಗೆನ್ ಅಲ್ಲ. ಪ್ಯಾರಿಸ್‌ನಿಂದ ರೈಲು ಹತ್ತಿದಿರಿ ಅಂದರೆ ಶೆಂಗೆನ್‌ನಿಂದ ಹೊರಗೆ ಹೋದಿರಿ. ಒಂದೇ ಎಂಟ್ರಿಯ ವೀಸಾ ಅಲ್ಲಿಗೇ ಮುಗಿಯಿತು. ವಾಪಸ್ ಸ್ವಿಟ್ಜರ್ಲೆಂಡಿಗೆ ಬರಲು ಎರಡನೇ ಎಂಟ್ರಿ ಬೇಕು. ಅದನ್ನು ಫಾರ್ಮಿನಲ್ಲಿ ಕೇಳಬಹುದು, ಆದರೆ ಕೇಳಿದ್ದು ಸಿಕ್ಕೇ ಸಿಗುತ್ತದೆ ಅಂತಿಲ್ಲ. ಬ್ರಿಟನ್ ವೀಸಾ ಬೇರೆಯೇ ಮಾಡಿಸಬೇಕು, ಅದರ ಖರ್ಚೂ ಬೇರೆ. ನನ್ನನ್ನು ಕೇಳಿದರೆ, ಈ ಸಲ ಲಂಡನ್ ಬಿಡಿ. ಎರಡು ರಾತ್ರಿಗೋಸ್ಕರ ಇಬ್ಬರಿಗೂ ಇನ್ನೊಂದು ವೀಸಾ ಯಾಕೆ?

ಟಿಕೆಟ್: ವೀಸಾ ಬರುವ ಮುಂಚೆ ದುಡ್ಡು ವಾಪಸ್ ಬರದ ಟಿಕೆಟ್ ತೆಗೆದುಕೊಳ್ಳಲೇಬೇಡಿ. ಅವರು ಕೇಳುವುದು ಹೋಗಿ ಬರುವ ರಿಸರ್ವೇಶನ್. ರದ್ದು ಮಾಡಬಹುದಾದ ಬುಕಿಂಗ್ ಸಾಕು, ಹೋಟೆಲ್‌ಗೂ ಅಷ್ಟೇ. ಆದರೆ ಅದು ನಿಜವಾದ ಬುಕಿಂಗ್ ಆಗಿರಬೇಕು.

ಎಫ್‌ಡಿ ದುಡ್ಡನ್ನು ಎಲ್ಲಿಗೂ ಸಾಗಿಸಬೇಡಿ! ಬಂದದ್ದೂ ಹೋದದ್ದೂ ಎರಡೂ ಸ್ಟೇಟ್‌ಮೆಂಟಿನಲ್ಲಿ ಕಾಣುತ್ತದೆ. ಆಗ ಇನ್ನೂ ಜಾಸ್ತಿ ಅನುಮಾನ. ಅನುಮಾನ ಬರುವುದು ದೊಡ್ಡ ಮೊತ್ತ ಬಂದದ್ದಕ್ಕಲ್ಲ, ಎಲ್ಲಿಂದ ಬಂತು ಅಂತ ಗೊತ್ತಾಗದಿದ್ದರೆ. ಎಫ್‌ಡಿ ರಸೀದಿ, ಮುಗಿದದ್ದಕ್ಕೆ ಬ್ಯಾಂಕ್ ಕೊಟ್ಟ ಪತ್ರ, ಎರಡನ್ನೂ ಸ್ಟೇಟ್‌ಮೆಂಟಿನ ಹಿಂದೆಯೇ ಇಡಿ. ಕವರಿಂಗ್ ಲೆಟರ್‌ನಲ್ಲಿ ಒಂದು ಸಾಲು: ಇಂಥ ದಿನ ಬಂದ ಇಷ್ಟು ಹಣ ನನ್ನ ಎಫ್‌ಡಿಯದ್ದು. ಅಷ್ಟು ಸಾಕು.

ಹೊಸ ಕೆಲಸಕ್ಕೆ ಹೆದರಬೇಡಿ. ಅಪಾಯಿಂಟ್‌ಮೆಂಟ್ ಲೆಟರ್, ಹಳೆಯ ಕಂಪನಿಯ ರಿಲೀವಿಂಗ್ ಲೆಟರ್, ಎರಡೂ ಕಡೆಯ ಸಂಬಳದ ಚೀಟಿ ಇಡಿ. ರಜೆ ಕೊಟ್ಟಿದ್ದೇವೆ, ಇಂಥ ದಿನ ವಾಪಸ್ ಕೆಲಸಕ್ಕೆ ಬರುತ್ತಾರೆ ಅಂತ ಈಗಿನ ಕಂಪನಿಯ ಪತ್ರ ಬೇಕು. ಆ ಪತ್ರದ ತಾರೀಕು, ಟಿಕೆಟ್ಟಿನ ತಾರೀಕು, ಹೋಟೆಲ್, ಇನ್ಶೂರೆನ್ಸ್, ಫಾರ್ಮು, ಎಲ್ಲ ಒಂದೇ ಇರಬೇಕು. ನಾನು ನೋಡಿದ ಫೈಲ್‌ಗಳಲ್ಲಿ ದುಡ್ಡು ಕಡಿಮೆ ಅಂತ ಕಷ್ಟಪಟ್ಟವರಿಗಿಂತ ತಾರೀಕು ತಾಳೆಯಾಗದೆ ಕಷ್ಟಪಟ್ಟವರೇ ಜಾಸ್ತಿ. ಫೈಲ್ ಓದುವವರಿಗೆ ನೀವು ಯಾರು ಅಂತಲೇ ಗೊತ್ತಿಲ್ಲ. ಕಾಗದಗಳು ಒಂದೇ ಕಥೆ ಹೇಳಬೇಕು.

ಅಮ್ಮನ ಬಗ್ಗೆ ಒಂದು ಪ್ರಶ್ನೆ: ಪಿಂಚಣಿ, ಬಾಡಿಗೆ, ಏನೂ ಇಲ್ಲವಾ?

ಸುಮ್ನೆಒಬ್ಬ ಉತ್ತರಿಸಿದ್ದು:

ಇಷ್ಟೆಲ್ಲ ಬೇಕಾ ಅಂತ! ನಮ್ಮ ಏಜೆಂಟ್ ಡಮ್ಮಿ ಟಿಕೆಟ್ ಮಾಡಿಕೊಟ್ಟ, ಹೋಟೆಲ್ ಕೂಡ ಅವನೇ ಏನೋ ಹಾಕಿದ. ಯಾರೂ ಏನೂ ಕೇಳಲಿಲ್ಲ, ವೀಸಾ ಬಂತು. ಸುಮ್ನೆ ಹೆದರಿಸಬೇಡಿ.

ಹಳೇಫೈಲು ಉತ್ತರಿಸಿದ್ದು:

ನಿಮಗೆ ಬಂತು, ಸಂತೋಷ. ಏಜೆಂಟ್ ಏನು ಹಾಕಿದ ಅಂತ ನಿಮಗೇ ಗೊತ್ತಿಲ್ಲ ಅಂತ ನೀವೇ ಬರೆದಿದ್ದೀರಿ, ಅಲ್ವಾ? ಫಾರ್ಮಿನ ಕೆಳಗೆ ಸಹಿ ಮಾತ್ರ ನಿಮ್ಮದು. ಏರ್‌ಲೈನ್ ನಿಜವಾಗಿ ಕೆಲವು ದಿನ ಹಿಡಿದಿಡುವ ರಿಸರ್ವೇಶನ್ ಬೇರೆ, ಕಂಪ್ಯೂಟರಿನಲ್ಲಿ ಕೂತು ತಿದ್ದಿದ ಪಿಡಿಎಫ್ ಬೇರೆ. ಎರಡನ್ನೂ ಡಮ್ಮಿ ಅಂತಲೇ ಕರೆಯುತ್ತಾರೆ, ಅದೇ ತೊಂದರೆ. ನಕಲಿ ಕಾಗದ ಸಿಕ್ಕಿಬಿದ್ದರೆ ಅದು ನೇರವಾಗಿ ನಿರಾಕರಣೆಗೆ ಒಂದು ಕಾರಣ. ಬೆರಳಚ್ಚು, ಫೋಟೋ, ಅರ್ಜಿಗೆ ಏನಾಯಿತು ಅನ್ನುವುದು, ಎಲ್ಲ ಅವರ ವೀಸಾ ಮಾಹಿತಿ ವ್ಯವಸ್ಥೆಯಲ್ಲಿ ಕೂತಿರುತ್ತದೆ. ಮುಂದಿನ ಸಲ ಬೇರೆ ಶೆಂಗೆನ್ ದೇಶಕ್ಕೆ ಹಾಕಿದರೂ ಅವರಿಗೆ ಕಾಣುತ್ತದೆ.

ನಿಧಾನಪಯಣ ಉತ್ತರಿಸಿದ್ದು:

ಲಂಡನ್ ಬಿಡಲೇಬೇಕು ಅಂತಿಲ್ಲ. ಕೊನೆಗೆ ಹಾಕಿಕೊಳ್ಳಿ. ಪ್ಯಾರಿಸ್, ಸ್ವಿಟ್ಜರ್ಲೆಂಡ್, ಇಟಲಿ ಮುಗಿಸಿ ರೋಮ್‌ನಿಂದ ಲಂಡನ್, ಅಲ್ಲಿಂದಲೇ ಮನೆಗೆ. ಆಗ ಶೆಂಗೆನ್ ಒಂದೇ ಎಂಟ್ರಿ ಸಾಕು. ನಾನು ಹಾಗೆಯೇ ಮಾಡಿದೆ.

ಆದರೆ ಪಾಸ್‌ಪೋರ್ಟ್ ಒಂದೇ ಇರುವುದು, ಎರಡು ಕಡೆ ಒಟ್ಟಿಗೆ ಕೊಡಲಾಗುವುದಿಲ್ಲ. ಬ್ರಿಟನ್‌ಗೆ ಪ್ರಯಾಣದ 3 ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು, ಸಾಮಾನ್ಯವಾಗಿ 3 ವಾರದಲ್ಲಿ ತೀರ್ಮಾನ. ಅದು ಬಂದ ತಕ್ಷಣ ಶೆಂಗೆನ್. ಬ್ರಿಟನ್ ವೀಸಾ ಕೈಯಲ್ಲಿದ್ದರೆ ರೋಮ್‌ನಿಂದ ಎಲ್ಲಿಗೆ ಹೋಗುತ್ತೀರಿ ಅನ್ನುವುದಕ್ಕೂ ಉತ್ತರ ಸಿಕ್ಕಂತಾಯಿತು. ಶೆಂಗೆನ್ ಅಪಾಯಿಂಟ್‌ಮೆಂಟ್ ಮಾತ್ರ ಮುಂಚೆಯೇ ಹಿಡಿದಿಡಿ. ಬೇಸಿಗೆ ಹತ್ತಿರವಾದಂತೆ ಸ್ಲಾಟ್ ಸಿಗುವುದಿಲ್ಲ.

ಕಿಟಕಿಸೀಟು ಉತ್ತರಿಸಿದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನನ್ನು ಕೇಳಿದೆ. ಅವರಿಗೆ ಬೇಕಿರುವುದು ಹಿಮ ನೋಡುವುದು ಒಂದೇ, ಲಂಡನ್ ನನ್ನ ಆಸೆಯಾಗಿತ್ತು. ಬಿಟ್ಟೆ. ಈಗ ಒಟ್ಟು 12 ರಾತ್ರಿ, ಮೂರೇ ದೇಶ.

ಹಳೇಫೈಲು ಮೇಡಂ, ಅಪ್ಪನ ಫ್ಯಾಮಿಲಿ ಪಿಂಚಣಿ ಅಮ್ಮನಿಗೆ ಬರುತ್ತದೆ. ಸಣ್ಣ ಮೊತ್ತ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರಾ? ಇನ್ನೊಂದು ವಿಷಯ. ಪಾಸ್‌ಪೋರ್ಟಿನಲ್ಲಿ ಅಮ್ಮನ ಇನಿಷಿಯಲ್ ಬಿಡಿಸಿ ಪೂರ್ತಿ ಬರೆದಿದ್ದಾರೆ, ಬ್ಯಾಂಕಿನಲ್ಲಿ ಒಂದೇ ಅಕ್ಷರ. ತೊಂದರೆಯಾ? ಅಮ್ಮನಿಗೆ ಬಿಪಿ ಇದೆ, ಇನ್ಶೂರೆನ್ಸ್ ಬಗ್ಗೆಯೂ ಹೇಳಿ.

ಹಳೇಫೈಲು ಉತ್ತರಿಸಿದ್ದು:

ನೋಡಿ, ಆದಾಯ ಏನೂ ಇಲ್ಲ ಅಂದಿದ್ದಿರಿ! ಪ್ರತಿ ತಿಂಗಳು ಬರುವ ಪಿಂಚಣಿ ಎಷ್ಟು ಸಣ್ಣದಾದರೂ ಒಳ್ಳೆಯ ದಾಖಲೆ. ಅವರ ಬದುಕು ಇಲ್ಲೇ ಇದೆ, ವಾಪಸ್ ಬರುತ್ತಾರೆ ಅಂತ ಅದು ಹೇಳುತ್ತದೆ. ನಿರಾಕರಣೆ ಪತ್ರಗಳಲ್ಲಿ ಪದೇ ಪದೇ ಕಾಣುವ ಕಾರಣಗಳಲ್ಲಿ ಒಂದು, ವೀಸಾ ಮುಗಿಯುವ ಮುಂಚೆ ಹೊರಡುತ್ತಾರೆ ಅನ್ನುವ ನಂಬಿಕೆ ಬರಲಿಲ್ಲ ಅನ್ನುವುದು. ಪಿಂಚಣಿ ಆದೇಶದ ಪ್ರತಿ, ಪಿಂಚಣಿ ಬೀಳುವ ಖಾತೆಯ ಸ್ಟೇಟ್‌ಮೆಂಟ್ ಇಡಿ. ಮನೆ ಅವರ ಹೆಸರಿನಲ್ಲಿದ್ದರೆ ಆ ಕಾಗದವೂ ಇರಲಿ. ಖರ್ಚು ಯಾರದ್ದು ಅನ್ನುವ ಕಡೆ ಸ್ಪಾನ್ಸರ್ ಅಂತ ಗುರುತು ಹಾಕಿ ನಿಮ್ಮ ಹೆಸರು ಬರೆಯಿರಿ. ನೀವು ಮಗಳು ಅನ್ನುವುದಕ್ಕೆ ದಾಖಲೆ ಬೇಕು. ನಿಮ್ಮ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಾಯಿ ಹೆಸರು ಇದ್ದರೆ ಅದರ ಪ್ರತಿ, ಇಲ್ಲವೇ ಜನನ ಪ್ರಮಾಣ ಪತ್ರ.

ಹೆಸರು: ಫಾರ್ಮು, ಟಿಕೆಟ್, ಇನ್ಶೂರೆನ್ಸ್ ಮೂರರಲ್ಲೂ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಬರಲಿ. ಅಕ್ಷರ ಕೂಡ ಆಚೀಚೆ ಬೇಡ. ಬ್ಯಾಂಕಿನ ಹೆಸರಿಗೆ ಕವರಿಂಗ್ ಲೆಟರ್‌ನಲ್ಲಿ ಒಂದು ಸಾಲಿನ ವಿವರಣೆ ಬರೆಯಿರಿ. ಖಾತೆ ಅವರದ್ದೇ ಅಂತ ಬ್ಯಾಂಕಿನವರು ಪಾಸ್‌ಪೋರ್ಟ್ ನಂಬರ್ ಹಾಕಿ ಪತ್ರ ಕೊಟ್ಟರೆ ಇನ್ನೂ ಒಳ್ಳೆಯದು. ಈ ಇನಿಷಿಯಲ್ ಗೋಳು ನಮ್ಮ ಕಡೆಯ ಅರ್ಧ ಫೈಲ್‌ಗಳಲ್ಲಿ ಇರುತ್ತಿತ್ತು.

ಇನ್ಶೂರೆನ್ಸ್: ಕನಿಷ್ಠ 30,000 ಯೂರೋ, ಇಡೀ ಶೆಂಗೆನ್‌ಗೆ ಅನ್ವಯಿಸಬೇಕು, ತುರ್ತು ಚಿಕಿತ್ಸೆ ಮತ್ತು ವಾಪಸ್ ಕರೆತರುವ ಖರ್ಚು ಎರಡೂ ಸೇರಿರಬೇಕು. ಇದು ವೀಸಾಕ್ಕೆ ಸಾಕು, ಅಮ್ಮನಿಗೆ ಸಾಕಾಗುವುದಿಲ್ಲ. ಅಗ್ಗದ ಪಾಲಿಸಿಗಳಲ್ಲಿ ಮೊದಲೇ ಇರುವ ಕಾಯಿಲೆಯನ್ನು ಹೊರಗೆ ಇಟ್ಟಿರುತ್ತಾರೆ. ಬಿಪಿ ಇದೆ ಅಂತ ಬರೆದು ತಿಳಿಸಿಯೇ ಪಾಲಿಸಿ ತೆಗೆದುಕೊಳ್ಳಿ. ಸ್ವಲ್ಪ ಜಾಸ್ತಿ ಆಗುತ್ತದೆ, ಆಗಲಿ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ನೀವು ಶೆಂಗೆನ್‌ನಿಂದ ಹೊರಡುವ ದಿನದಿಂದ ಪಾಸ್‌ಪೋರ್ಟ್ ಇನ್ನೂ 3 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಬೇಕು. ಫೋಟೋ 35×45 ಮಿ.ಮೀ., ಈಚಿನದ್ದು. ಬೆರಳಚ್ಚು ಕೊಡಲು ಅಮ್ಮನೂ ಬರಲೇಬೇಕು. ಒಮ್ಮೆ ಕೊಟ್ಟರೆ 59 ತಿಂಗಳವರೆಗೆ ಅದನ್ನೇ ಮತ್ತೆ ಬಳಸಬಹುದು. 2024ರ ಜೂನ್‌ನಿಂದ ಶುಲ್ಕ 90 ಯೂರೋ, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ಸಿಗದಿದ್ದರೆ ದುಡ್ಡು ವಾಪಸ್ ಇಲ್ಲ. ಪ್ರಯಾಣಕ್ಕೆ 6 ತಿಂಗಳು ಇರುವಾಗಿನಿಂದ ಹಾಕಬಹುದು, ಕೊನೆಯ ಗಡಿ 15 ದಿನ. ತೀರ್ಮಾನಕ್ಕೆ 15 ದಿನ ಅಂತಿದೆ, ಆದರೆ ಹೆಚ್ಚಿನ ಪರಿಶೀಲನೆ ಬೇಕಾದರೆ 45ರವರೆಗೂ ಎಳೆಯಬಹುದು. ಹಾಗಾಗಿ ಎರಡು ತಿಂಗಳಾದರೂ ಕೈಯಲ್ಲಿಟ್ಟುಕೊಳ್ಳಿ.

ಸುಮ್ನೆಒಬ್ಬ ಉತ್ತರಿಸಿದ್ದು:

ಸರಿ ಮೇಡಂ, ಒಪ್ಪಿದೆ. ಒಂದು ಡೌಟು. ಒಂದು ಸಲ ಹೋಗಿ ಬಂದವರಿಗೆ ಐದು ವರ್ಷದ ವೀಸಾ ಕೊಡುತ್ತಾರಂತೆ, ನಿಜವಾ?

ಹಳೇಫೈಲು ಉತ್ತರಿಸಿದ್ದು:

ಒಂದೇ ಸಲಕ್ಕೆ ಅಲ್ಲ. 2024ರ ಏಪ್ರಿಲ್‌ನಲ್ಲಿ ಭಾರತೀಯರಿಗೆ ಅಂತ ಬಂದ ನಿಯಮ ಅದು. ಹಿಂದಿನ ಮೂರು ವರ್ಷದಲ್ಲಿ ಎರಡು ಶೆಂಗೆನ್ ವೀಸಾ ಪಡೆದು ಸರಿಯಾಗಿ ಬಳಸಿದ್ದರೆ ಎರಡು ವರ್ಷದ ಮಲ್ಟಿಪಲ್ ಎಂಟ್ರಿ, ಅಂದರೆ ಎಷ್ಟು ಸಲ ಬೇಕಾದರೂ ಹೋಗಿ ಬರುವ ವೀಸಾ. ಅದಾದ ಮೇಲೆ, ಪಾಸ್‌ಪೋರ್ಟಿನಲ್ಲಿ ಅಷ್ಟು ಅವಧಿ ಉಳಿದಿದ್ದರೆ, ಐದು ವರ್ಷದ್ದು. ಆಗಲೂ ಯಾವುದೇ 180 ದಿನದಲ್ಲಿ 90 ದಿನ ಮಾತ್ರ ಇರಬಹುದು. ಇಂಥ ವೀಸಾ ಇದ್ದವರು ಒಂದು ದಿನ ಹೆಚ್ಚು ಉಳಿದರೂ ಲೆಕ್ಕ ಸಿಗುತ್ತದೆ. ಗಡಿಯಲ್ಲಿ ಬರುವ ಹೋಗುವವರನ್ನು ಯಂತ್ರದಲ್ಲಿ ದಾಖಲಿಸುವ ಹೊಸ ವ್ಯವಸ್ಥೆಯನ್ನು 2025ರ ಅಕ್ಟೋಬರ್ 12ರಿಂದ ಹಂತ ಹಂತವಾಗಿ ತಂದಿದ್ದಾರೆ.

ಕಿಟಕಿಸೀಟು ಅವರೇ, ನಿಮಗೆ ಕೊನೆಯದಾಗಿ. ಪಾಸ್‌ಪೋರ್ಟ್ ವಾಪಸ್ ಬಂದ ದಿನವೇ ಅದರಲ್ಲಿ ಅಂಟಿಸಿರುವ ವೀಸಾ ಸ್ಟಿಕರ್ ಓದಿ. ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಇರುವುದು ವೀಸಾ ಚಾಲ್ತಿಯಲ್ಲಿರುವ ಅವಧಿ. ಅದರಲ್ಲಿ ಸಾಮಾನ್ಯವಾಗಿ 15 ದಿನ ಸೇರಿಸಿ ಕೊಟ್ಟಿರುತ್ತಾರೆ, ಪ್ರಯಾಣ ಸ್ವಲ್ಪ ಹಿಂದೆ ಮುಂದೆ ಆದರೆ ಇರಲಿ ಅಂತ. ಅಷ್ಟೂ ದಿನ ಇರಬಹುದು ಅಂತ ಅಲ್ಲ. ಎಷ್ಟು ದಿನ ಇರಬಹುದು ಅನ್ನುವುದು ಬೇರೆ ಜಾಗದಲ್ಲಿ ಇರುತ್ತದೆ. ಇಳಿದ ದಿನ, ಹೊರಟ ದಿನ ಎರಡೂ ಎಣಿಕೆಗೆ ಬರುತ್ತವೆ, ಹಾಗಾಗಿ ನಿಮ್ಮ 12 ರಾತ್ರಿಗೆ ಕಡಿಮೆಯೆಂದರೂ 13 ದಿನ ಬೇಕು. ಹೆಸರು, ಪಾಸ್‌ಪೋರ್ಟ್ ನಂಬರ್ ಕೂಡ ತಾಳೆ ನೋಡಿ. ಏನಾದರೂ ತಪ್ಪಿದ್ದರೆ ಆವತ್ತೇ ಬರೆದು ತಿಳಿಸಿ. ಹೊರಡುವ ಹಿಂದಿನ ದಿನ ನೋಡಿಕೊಂಡರೆ ಸರಿ ಮಾಡಿಸಲು ಸಮಯ ಇರುವುದಿಲ್ಲ.