ಪ್ರಾಣಿದಯಾ ಸಂಘದ ಹಳೇ ಕಡತಗಳು: ಇಡುವುದೇನು, ಇಡುವುದು ಹೇಗೆ?

ಪ್ರಶ್ನೆ: ಪ್ರಾಣಿಹಿಂಸೆ ತಡೆಗೆ ದುಡಿದ ಸಂಘವೊಂದು ಕಚೇರಿ ಖಾಲಿ ಮಾಡುತ್ತಿದೆ. ಸುಮಾರು 40 ರಟ್ಟಿನ ಪೆಟ್ಟಿಗೆಗಳಿವೆ: ನಡಾವಳಿ ಪುಸ್ತಕ, ಕೇಸಿನ ಕಾಗದ, ಪತ್ರಿಕೆ ತುಣುಕು, ವಿಎಚ್‌ಎಸ್ ಕ್ಯಾಸೆಟ್, ಬ್ಯಾನರ್, ಫ್ಲಾಪಿ. ನಾಯಿ, ಜಾನುವಾರು, ಸರ್ಕಸ್, ಪ್ರಯೋಗಾಲಯ ಅಂತ ವಿಷಯವಾರು ವಿಂಗಡಿಸಿ ಪತ್ರಾಗಾರಕ್ಕೆ ಕೊಡೋಣ ಅಂತಿದ್ದೇವೆ. ಶುರು ಎಲ್ಲಿಂದ ಮಾಡೋದು ಸರ್?

ಉತ್ತರ (ಪತ್ರಾಗಾರ ಅಧಿಕಾರಿ): ಮೊದಲು ಆ ವಿಂಗಡಣೆ ನಿಲ್ಲಿಸಿ ಮೇಡಂ. ಸರ್ಕಸ್ಸಿನ ಆನೆ ಬಗ್ಗೆ ಬಂದ ದೂರು, ಪಶುವೈದ್ಯರ ವರದಿ, ಶಾಸಕರಿಗೆ ಬರೆದ ಪತ್ರದ ಪ್ರತಿ, ದೇಣಿಗೆ ರಸೀದಿ, ಇವಿಷ್ಟನ್ನೂ ಕಾರ್ಯದರ್ಶಿ ಒಂದೇ ಟ್ಯಾಗಿಗೆ ಕಟ್ಟಿದ್ದಾರೆ ಅಂದುಕೊಳ್ಳಿ. ಒಂದು ದೂರು ಹೇಗೆ ಹೋರಾಟವಾಯಿತು ಅನ್ನೋದು ಆ ಕಟ್ಟಿನಲ್ಲೇ ಇದೆ. ಬಿಚ್ಚಿ ನಾಲ್ಕು ಕಡೆ ಹಾಕಿದರೆ ನಾಲ್ಕು ಬಿಡಿ ಹಾಳೆ, ಮತ್ತೆ ಜೋಡಿಸಲು ಯಾರಿಂದಲೂ ಆಗದು. ವಿಷಯವಾರು ಹುಡುಕಲು ಸೂಚಿ ಬರೆದರೆ ಸಾಕು, ಕಾಗದ ಕದಲಿಸಬೇಕಿಲ್ಲ.

ಮುಚ್ಚಳ ತೆಗೆದು ಒಳಗಿದ್ದದ್ದು ಇದ್ದ ಹಾಗೇ ಮೇಲಿಂದ ಒಂದು ಫೋಟೋ ತೆಗೆಯಿರಿ. ಪೆಟ್ಟಿಗೆಗೆ ನಂಬರ್ ಹಾಕಿ. ಯಾರ ಮೇಜಿನದು, ಯಾವ ವರ್ಷದಿಂದ ಯಾವ ವರ್ಷದವರೆಗೆ, ಏನೇನಿದೆ, ಒದ್ದೆ, ಬೂಷ್ಟು, ಗೆದ್ದಲು ಉಂಟೋ ಅಂತ ಎರಡು ಸಾಲು ಬರೆಯಿರಿ. ಒಂದೊಂದಕ್ಕೂ ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರಬೇಡಿ. ಓದುತ್ತ ಕೂತರೆ ಮೂರನೇ ಪೆಟ್ಟಿಗೆಗೇ ಕೆಲಸ ನಿಲ್ಲುತ್ತದೆ. ಕಾಗದದ ಹತ್ತಿರ ಪೆನ್ನು ಬೇಡ, ಪೆನ್ಸಿಲ್ ಮಾತ್ರ. ಈ ಪಟ್ಟಿ ಹಿಡಿದೇ ಪತ್ರಾಗಾರದವರ ಜೊತೆ ಮಾತಾಡಿ.

ಒಂದೇ ಕರಪತ್ರದ ಐನೂರು ಪ್ರತಿಯಿದ್ದರೆ ಮೂರು ಉಳಿಸಿ. ಕರೆಂಟ್ ಬಿಲ್, ಸ್ಟೇಷನರಿ ವೋಚರ್ ಹೋಗಲಿ. ಬೈಗುಳದ ಪತ್ರಗಳನ್ನು ಮಾತ್ರ ಎಸೆಯಬೇಡಿ, ಎದುರಾಳಿ ಏನು ವಾದಿಸಿದ ಅನ್ನೋದಕ್ಕೆ ಅವೇ ಸಾಕ್ಷಿ. ಸಂಘದ ಇನ್‌ಸ್ಪೆಕ್ಟರುಗಳ ದಿನಚರಿ, ಹೂಡಿದ ಕೇಸುಗಳ ರಿಜಿಸ್ಟರ್ ಸಿಕ್ಕರಂತೂ ಚಿನ್ನ. 1824ರಲ್ಲಿ ಲಂಡನ್ನಿನಲ್ಲಿ ಶುರುವಾದ ಪ್ರಾಣಿಹಿಂಸೆ ತಡೆ ಸಂಘದಿಂದ ಹಿಡಿದು ಈ ಚಳವಳಿಯ ದಿನನಿತ್ಯದ ದುಡಿಮೆ ಬೀದಿ ತಪಾಸಣೆ ಮತ್ತು ಕೋರ್ಟಿನದು. ಗಾಡಿಗೆ ಎಷ್ಟು ಹೇರಿದ್ದರು, ನೊಗದ ಗಾಯ ಎಲ್ಲಿತ್ತು, ದಂಡ ಎಷ್ಟು ಬಿತ್ತು ಅನ್ನೋದು ವಾರ್ಷಿಕ ವರದಿಯ ಭಾಷಣದಲ್ಲಿ ಸಿಗದು.

ಮರುಪ್ರಶ್ನೆ: ಇಂಥದ್ದನ್ನೆಲ್ಲ ಪತ್ರಾಗಾರಗಳು ತಗೋತಾವಾ? ಹೊತ್ತುಕೊಂಡು ಹೋಗಿ ವಾಪಸ್ ಬರೋ ಹಾಗಾಗಬಾರದು.

ಉತ್ತರ (ಪತ್ರಾಗಾರ ಅಧಿಕಾರಿ): ತಗೋತಾವೆ. ಫ್ರಾನ್ಸಿಸ್ ಪವರ್ ಕಾಬ್ 1898ರಲ್ಲಿ ಬ್ರಿಟನ್ನಿನಲ್ಲಿ ಕಟ್ಟಿದ ಪ್ರಾಣಿಪ್ರಯೋಗ ವಿರೋಧಿ ಒಕ್ಕೂಟದ ಕಾಗದಗಳು ಹಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಗ್ರಂಥಾಲಯ ಪ್ರಾಣಿಹಕ್ಕಿನ ದಾಖಲೆಗೆಂದೇ ಸಂಗ್ರಹ ಕಟ್ಟಿದೆ. ದಾನಪತ್ರದಲ್ಲಿ ಎರಡು ವಿಷಯ ಬೇರೆಬೇರೆ ಬರೆಸಿ: ಕಾಗದದ ಒಡೆತನ ಮತ್ತು ಕೃತಿಸ್ವಾಮ್ಯ. ಫೋಟೋ ನಿಮ್ಮ ಕಪಾಟಿನಲ್ಲಿದ್ದ ಮಾತ್ರಕ್ಕೆ ಅದರ ಹಕ್ಕು ಸಂಘದ್ದಾಗದು, ಬಹಳ ಸಲ ಅದು ತೆಗೆದವರದು.

ಮರುಪ್ರಶ್ನೆ: ತುಣುಕುಗಳು ಮುಟ್ಟಿದರೆ ಪುಡಿಯಾಗ್ತಿವೆ. ಕ್ಯಾಸೆಟ್ ಹಾಕಿ ನೋಡಬಹುದಾ?

ಉತ್ತರ (ಸಂರಕ್ಷಣಾ ತಜ್ಞೆ): ನ್ಯೂಸ್‌ಪ್ರಿಂಟಿನಲ್ಲಿ ಆಮ್ಲ ಹುಟ್ಟುತ್ತದೆ. ತಾನು ಪುಡಿಯಾಗೋದಲ್ಲದೆ ಪಕ್ಕದ ಪತ್ರದ ಮೇಲೆ ತನ್ನ ಆಕಾರದ್ದೇ ಕಂದು ನೆರಳು ಬಿಡುತ್ತದೆ. ಆಮ್ಲರಹಿತ ಹಾಳೆಗೆ ಜೆರಾಕ್ಸ್ ಮಾಡಿ, ಪತ್ರಿಕೆಯ ಹೆಸರು, ತಾರೀಖು ಬರೆಯಿರಿ. ಮೂಲವನ್ನೂ ಇಡುವುದಾದರೆ ನಡುವೆ ಆಮ್ಲರಹಿತ ಹಾಳೆ ಇರಲಿ. ಹಳೇ ಫ್ಯಾಕ್ಸ್ ಕಾಗದಕ್ಕೆ ಇದಕ್ಕಿಂತ ಅವಸರ, ಅಕ್ಷರವೇ ಮಾಸಿಹೋಗುತ್ತದೆ. ರಬ್ಬರ್ ಬ್ಯಾಂಡ್, ತುಕ್ಕು ಹಿಡಿದ ಪಿನ್ನು ತೆಗೆಯಿರಿ, ಆದರೆ ಪಿನ್ನಿನಲ್ಲಿ ಒಟ್ಟಿಗಿದ್ದ ಹಾಳೆಗಳನ್ನು ಮಡಿಚಿದ ಹಾಳೆಯೊಳಗೆ ಒಟ್ಟಿಗೇ ಇಡಿ. ಸೆಲ್ಲೋಟೇಪ್ ಕೀಳಲು ಹೋಗಬೇಡಿ, ಕಾಗದದ ಮೇಲ್ಪದರವೂ ಕಿತ್ತು ಬರುತ್ತದೆ.

ಕ್ಯಾಸೆಟ್ಟಿನ ಕಿಟಕಿಯೊಳಗೆ ಟೇಪಿನ ಅಂಚಲ್ಲಿ ಬಿಳಿ ಪುಡಿ ಕಂಡರೆ ಬೂಷ್ಟು. ಪ್ಲೇಯರಿಗೆ ಹಾಕಿದರೆ ಅದೂ ಹಾಳು, ಅದರಿಂದ ಮುಂದಿನ ಕ್ಯಾಸೆಟ್ಟೂ ಹಾಳು. ಚೆನ್ನಾಗಿದ್ದರೆ ರೆಕಾರ್ಡ್ ತಡೆಯುವ ಪುಟ್ಟ ಪ್ಲಾಸ್ಟಿಕ್ ಮುರಿದೇ ಹಾಕಿ. ಇಡುವಾಗ ಪುಸ್ತಕದಂತೆ ನಿಲ್ಲಿಸಿ. ಫಿಲ್ಮ್ ಡಬ್ಬಿಯಿಂದ ವಿನೆಗರ್ ವಾಸನೆ ಬಂದರೆ ಇವತ್ತೇ ಬೇರೆ ಕೋಣೆಗೆ ಹಾಕಿ. ಬಣ್ಣ ಬಳಿದ ಬ್ಯಾನರ್ ಮಡಿಚಬೇಡಿ; ದಪ್ಪ ಕೊಳವೆಗೆ ಬಣ್ಣದ ಮುಖ ಹೊರಗೆ ಬರುವಂತೆ ಸುತ್ತಿ.

ಎಲ್ಲಕ್ಕೂ ನೆಲದಿಂದ 15 ಸೆಂ.ಮೀ. ಎತ್ತರ ಇರಲಿ. ಕಾಗದಕ್ಕೆ 35ರಿಂದ 50 ಶೇಕಡಾ ತೇವಾಂಶ ಹಿತ. 65 ದಾಟಿದರೆ ಬೂಷ್ಟಿಗೆ ಹಬ್ಬ.

ಮರುಪ್ರಶ್ನೆ: ಗುಟ್ಟಾಗಿ ಚಿತ್ರೀಕರಿಸಿದ ತನಿಖೆ ಟೇಪ್‌ಗಳಿವೆ. ಸುಳಿವು ಕೊಟ್ಟ ಕೆಲಸಗಾರರ ಹೆಸರೂ ಕಡತದಲ್ಲಿದೆ. ಆ ಹಾಳೆ ಹರಿದುಬಿಡೋದೇ ವಾಸಿಯಲ್ವಾ?

ಉತ್ತರ (ಪತ್ರಾಗಾರ ಅಧಿಕಾರಿ): ಹರಿಯಬೇಡಿ, ಮುಚ್ಚಿಡಿ. ಆ ಹಾಳೆಯನ್ನು ಬೇರೆ ಲಕೋಟೆಗೆ ಹಾಕಿ, ಇದ್ದ ಜಾಗದಲ್ಲಿ "ಒಂದು ಹಾಳೆ ತೆಗೆದಿದೆ, ಇಂಥ ಲಕೋಟೆಯಲ್ಲಿದೆ, ಇಂಥ ವರ್ಷ ತೆರೆಯುತ್ತದೆ" ಅಂತ ಚೀಟಿ ಇಡಿ. ಓದುಗರಿಗೆ ಕೊಡುವಾಗ ಹೆಸರನ್ನು ಪ್ರತಿಯಲ್ಲಿ ಮಾತ್ರ ಮರೆಮಾಡಬೇಕು. ಇಲ್ಲೇ ಬಹಳ ಮಂದಿ ಎಡವುವುದು: ಪಿಡಿಎಫ್ ಮೇಲೆ ಕಪ್ಪು ಪಟ್ಟಿ ಎಳೆದರೆ ಅಕ್ಷರ ಅದರಡಿ ಹಾಗೇ ಇರುತ್ತದೆ, ಕಾಪಿ ಮಾಡಿ ಪೇಸ್ಟ್ ಮಾಡಿದರೆ ಹೆಸರು ಹೊರಗೆ. ಮುದ್ರಿಸಿ, ಮಸಿ ಬಳಿದು, ಮತ್ತೆ ಜೆರಾಕ್ಸ್ ಮಾಡಿ ಅದನ್ನು ಸ್ಕ್ಯಾನ್ ಮಾಡುವುದು ಹಳೇ ದಾರಿ, ಆದರೆ ಮೋಸ ಮಾಡದು. ಡಿಜಿಟಲ್ ಫೋಟೋದೊಳಗೆ ಜಿಪಿಎಸ್ ಗುರುತು ಇರಬಹುದು, ಹೊರಗೆ ಕೊಡುವ ಪ್ರತಿಯಿಂದ ಅಳಿಸಿ.

ಇಷ್ಟಾದರೂ ಪತ್ರಾಗಾರ ಕೊಟ್ಟ ಮಾತು ಕೋರ್ಟಿನ ಸಮನ್ಸಿಗೆ ಅಡ್ಡ ನಿಲ್ಲುತ್ತದೆ ಅಂತ ನೆಚ್ಚಬೇಡಿ. ಕೇಸು ಬಾಕಿಯಿದ್ದರೆ ಕೊಡುವ ಮುಂಚೆ ವಕೀಲರಿಗೆ ತೋರಿಸಿ. ಆ ಹೊತ್ತಿನಲ್ಲಿ ಕಾಗದ ನಾಶ ಮಾಡಿದರೆ ಅದೇ ಬೇರೊಂದು ಅಪರಾಧವಾಗಬಹುದು.

ಟೇಪಿನ ವಿಷಯದಲ್ಲಿ, ಪ್ರಸಾರಕ್ಕೆ ಕತ್ತರಿಸಿದ ಮೂರು ನಿಮಿಷವಷ್ಟೇ ಸಾಲದು. ಕತ್ತರಿಸದ ಮೂಲ ಚಿತ್ರೀಕರಣ ಉಳಿಸಿ. "ಬೇಕಾದ್ದನ್ನು ಮಾತ್ರ ತೋರಿಸಿದ್ದಾರೆ" ಅನ್ನೋ ಆರೋಪಕ್ಕೆ ಉತ್ತರ ಅದರಲ್ಲೇ ಇರೋದು. ಸೂಚಿಯಲ್ಲಿ "ಕರುಳು ಹಿಂಡುವ ದೃಶ್ಯ" ಅಂತ ಬರೆದರೆ ಯಾರಿಗೂ ಏನೂ ತಿಳಿಯದು. "ಕಸಾಯಿಖಾನೆ, ಪ್ರಾಣಿಗಳನ್ನು ಇಳಿಸುವ ಜಾಗ, 42 ನಿಮಿಷ, ಗಾಯ ಮತ್ತು ಸಾವಿನ ದೃಶ್ಯಗಳಿವೆ" ಅಂತ ಬರೆಯಿರಿ. ಅದೇ ಎಚ್ಚರಿಕೆಯೂ ಆಯಿತು, ವಿವರಣೆಯೂ ಆಯಿತು.

ಮರುಪ್ರಶ್ನೆ: ಕೊನೇದು, ಫ್ಲಾಪಿಗಳು?

ಉತ್ತರ (ಸಂರಕ್ಷಣಾ ತಜ್ಞೆ): ಮೂಲೆಯ ಪುಟ್ಟ ಜಾರುಗುಂಡಿ ಸರಿಸಿ ತೂತು ಕಾಣುವ ಹಾಗೆ ಮಾಡಿ, ಆಗ ಅದರ ಮೇಲೆ ಏನೂ ಬರೆಯಲಾಗದು. ಕಡತ ಒಂದೊಂದಾಗಿ ಎಳೆಯದೆ ಇಡೀ ಡಿಸ್ಕಿನ ಇಮೇಜ್, ಅಂದರೆ ಅದರಲ್ಲಿರುವುದೆಲ್ಲದರ ಯಥಾವತ್ ನಕಲನ್ನು ಒಂದೇ ಕಡತವಾಗಿ ತೆಗೆಯಿರಿ. ಶಾ-256 ಚೆಕ್‌ಸಮ್ (ಕಡತ ಮುಂದೆ ಬದಲಾಗಿದೆಯೇ ಅಂತ ಪತ್ತೆಹಚ್ಚುವ ಗುರುತಿನ ಸಂಖ್ಯೆ) ಬರೆದಿಟ್ಟು, ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಕಟ್ಟಡದಲ್ಲಿಡಿ. ಲೇಬಲ್ಲಿನ ಫೋಟೋ ಮರೆಯಬೇಡಿ, ಎಷ್ಟೋ ಫ್ಲಾಪಿಗಳಲ್ಲಿ ಕೊನೆಗೆ ಓದಲು ಬರುವುದು ಅದೊಂದೇ.